ಎರಡನೆಯ ಬಾಟಲಿ

ತೌಡುವಿಗೆ ಒಂದು ಹಟವಿತ್ತು. ಟೈಲರಮ್ಮ ನೋಡುತ್ತಿದ್ದರೆ ಅದು ಕಾಲೆತ್ತುತ್ತಿರಲಿಲ್ಲ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಗೇಟಿನ ಕಂಬದವರೆಗೆ ದೊಡ್ಡ ಮನುಷ್ಯನ ಹಾಗೆ ಹೋಗುವುದು, ಮೂಸುವುದು, ಒಂದು ಸುತ್ತು ಹಾಕುವುದು, ಇನ್ನೇನು ಎನ್ನುವಷ್ಟರಲ್ಲಿ ಹಿಂದಿರುಗಿ ನೋಡುವುದು. ಆಕೆ ಕೈಯಲ್ಲಿ ಸೌಟು ಹಿಡಿದು ನಿಂತಿರುವುದು ಕಂಡರೆ ಮುಗಿಯಿತು, ನೇರವಾಗಿ ಬಂದು ಆಕೆಯ ಪಾದದ ಮೇಲೆ ಕೂತುಬಿಡುವುದು.

ಆ ಸೌಟಿಗೆ ಪೊರಕೆಯ ಕೋಲು ಕಟ್ಟಿದವರು ಆಕೆಯ ಯಜಮಾನರು. ಆಯುಷ್ಯವೆಲ್ಲ ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ಕೋಲು ಕಟ್ಟಿ, ಅಲುಗಾಡಿಸಿ ನೋಡಿ, ಎರಡೂ ಕೈಯಲ್ಲಿ ಹಿಡಿದು ನಾದಿನಿಯ ಮುಂದೆ ಬಗ್ಗಿ, “ಮಂತ್ರಿಗಳು ರಾಜದಂಡ ಸ್ವೀಕರಿಸಬೇಕು” ಎಂದಿದ್ದರು. ಟೈಲರಮ್ಮನ ತಂಗಿಗೆ ಅವರಿಟ್ಟ ಹೆಸರು ಮಂತ್ರಿ. ಯಾರ ಮನೆಯಲ್ಲಿ ಏನೇ ನಡೆಯಲಿ, ಸಲಹೆ ಆಕೆಯದೇ ಇರುತ್ತಿತ್ತು.

ನಾಯಿಯೂ ತಂಗಿ ಕೊಟ್ಟದ್ದೇ. ಮಾಗಿದ ಗೋಧಿಯ ಬಣ್ಣದ, ರೇಷ್ಮೆಯಂಥ ಗುಂಗುರು ಕೂದಲಿನ ಒಂದು ಜಾತಿಯ ನಾಯಿಗಳನ್ನು ತಂಗಿ ಸಾಕಿ ಮರಿ ಹಾಕಿಸುತ್ತಿದ್ದಳು. ಹಿರಿಯಳಾದ ಹೆಣ್ಣುನಾಯಿಯ ಹೆಸರು ಗೋಧಿ. ಗೋಧಿಯ ಒಂದು ಸೂಲಿನಲ್ಲಿ ಎಲ್ಲಕ್ಕಿಂತ ಬಡಕಲಾಗಿದ್ದ ಮರಿಯನ್ನು ಯಜಮಾನರು ಅಂಗೈಯಲ್ಲಿ ಎತ್ತಿಕೊಂಡು, “ಗೋಧಿ ಬೀಸಿದ ಮೇಲೆ ಉಳಿಯೋದು ತೌಡು. ಇದು ನನಗಿರಲಿ” ಎಂದು ಕೋಟಿನೊಳಗೆ ಇಟ್ಟುಕೊಂಡು ಮನೆಗೆ ತಂದಿದ್ದರು.

ಆ ಜಾತಿಗೆ ಅಂಟಿದ ಒಂದು ರೋಗವಿತ್ತು. ಮೈಗೆ ಸೇರಬೇಕಾದ ಪ್ರೋಟೀನು ಮೂತ್ರಪಿಂಡದಲ್ಲಿ ನಿಲ್ಲದೆ ಮೂತ್ರದಲ್ಲಿ ಸೋರಿಹೋಗುವುದು. ನಾಯಿ ಓಡುತ್ತದೆ, ಉಣ್ಣುತ್ತದೆ, ಬಾಲ ಆಡಿಸುತ್ತದೆ, ಒಳಗೊಳಗೇ ಬರಿದಾಗುತ್ತಿರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಕೈಮೀರಿರುತ್ತದೆ. ಮೊದಲೇ ಗೊತ್ತಾದರೆ ದಿನವೂ ಮಾತ್ರೆ, ಬೇರೆ ಬಗೆಯ ಊಟ, ಹೀಗೆ ವರ್ಷಗಟ್ಟಲೆ ತಡೆದು ನಿಲ್ಲಿಸಬಹುದು. ಆದ್ದರಿಂದ ಊರಿನ ನಾಯಿಗಳ ಡಾಕ್ಟರಮ್ಮ ಆ ಜಾತಿಯ ನಾಯಿಗಳಿದ್ದವರಿಗೆಲ್ಲ ಒಂದು ಕಟ್ಟಳೆ ಮಾಡಿದ್ದರು: ವರ್ಷಕ್ಕೊಮ್ಮೆ ಬೆಳಗಿನ ಮೊದಲ ಮೂತ್ರ ಹಿಡಿದು ತಂದುಕೊಡಬೇಕು.

ಟೈಲರಮ್ಮನ ಸೊಂಟ ಬಗ್ಗುತ್ತಿರಲಿಲ್ಲ. ಆಯುಷ್ಯವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತ ಸೊಂಟ ಅದು. ತೌಡು ಬೇರೆ ಆಕೆಯ ಮುಂದೆ ಮರ್ಯಾದಸ್ಥ. ಹಾಗಾಗಿ ವರ್ಷವರ್ಷವೂ ತಂಗಿಯೇ ಬರುತ್ತಿದ್ದಳು. ಈ ವರ್ಷವೂ ಬಂದಳು.

“ಏನಕ್ಕಾ, ಇನ್ನೂ ಧರಣಿ ಕೂತಿದ್ದಾನಾ ನಿನ್ನ ಮಗ?”

“ನಿನ್ನನ್ನೇ ಕಾಯ್ತಿದ್ದಾನೆ. ನಿನ್ನ ಮುಂದೆ ಅವನಿಗೆ ನಾಚಿಕೆಯೇ ಇಲ್ಲ.”

“ನನ್ನ ಮುಂದೆ ಯಾರಿಗಿದೆ? ಕೊಡು ಇಲ್ಲಿ ರಾಜದಂಡ. ನೀನು ಒಳಗೆ ನಡಿ. ಕಿಟಕಿಯಿಂದ ಇಣುಕಬೇಡ ಮತ್ತೆ, ಅವನಿಗೆ ಬೆನ್ನಲ್ಲೂ ಕಣ್ಣಿದೆ.”

ಟೈಲರಮ್ಮ ಒಳಗೆ ಹೋಗಿ ಕಿಟಕಿಯಿಂದ ಇಣುಕಿದಳು, ಪ್ರತಿವರ್ಷವೂ ಇಣುಕುತ್ತಿದ್ದಳು. ತಂಗಿ ಚುರುಕಿನ ಹೆಂಗಸು. ತೌಡು ಕಾಲೆತ್ತಿದ್ದೇ ತಡ, ಸೌಟು ಕೆಳಗೆ ಜಾರಿಸಿ ಒಂದು ಹನಿಯೂ ಚೆಲ್ಲದ ಹಾಗೆ ಹಿಡಿದಳು. ಕಟ್ಟೆಯ ಮೇಲೆ ಕೂತು ಒಂದು ಬಾಟಲಿಗೆ ಸುರಿದು ಮುಚ್ಚಳ ತಿರುಗಿಸಿದಳು. ಉಳಿದದ್ದನ್ನು ಇನ್ನೊಂದು ಬಾಟಲಿಗೆ ಸುರಿದು ಅದಕ್ಕೂ ಮುಚ್ಚಳ ಹಾಕಿದಳು.

ಮೊದಲ ವರ್ಷ ಟೈಲರಮ್ಮ ಕೇಳಿದ್ದಳು, “ಎರಡು ಯಾಕೇ?” ಎಂದು. “ಒಂದು ಚೆಲ್ಲಿದ್ರೆ ಇನ್ನೊಂದಿರಲಿ ಅಂತ. ಇಲ್ಲದಿದ್ರೆ ಮತ್ತೆ ನಿನ್ನ ಮಹಾರಾಜನ ಕಾಲು ಹಿಡಿಯೋರು ಯಾರು?” ಎಂದಿದ್ದಳು ತಂಗಿ. ಟೈಲರಮ್ಮನಿಗೆ ಅದು ಮೆಚ್ಚಿಕೆಯಾಗಿತ್ತು. ಬಟ್ಟೆ ಕತ್ತರಿಸುವಾಗ ಅಳತೆಗಿಂತ ಒಂದು ಬೆರಳು ಅಂಚು ಹೆಚ್ಚು ಬಿಟ್ಟೇ ಕತ್ತರಿಸುವ ಕೈ ಆಕೆಯದು. ಪರವಾಗಿಲ್ಲ, ಇವಳಿಗೂ ನನ್ನ ಬುದ್ಧಿ ಬಂದಿದೆ ಅಂದುಕೊಂಡಿದ್ದಳು.

ಯಜಮಾನರು ಹೋಗಿ ಎರಡು ಚಳಿಗಾಲ ಕಳೆದಿತ್ತು. ಅವರು ಹೋದ ಮೇಲೆ ಟೈಲರಮ್ಮನ ಪ್ರಾರ್ಥನೆ ಚಿಕ್ಕದಾಗಿತ್ತು. ಬೆಳಗ್ಗೆ ಕಣ್ಣು ಮುಚ್ಚಿ ಕೂತರೆ ಆಕೆ ದೇವರ ಮುಂದಿಡುತ್ತಿದ್ದದ್ದು ಮೂರೇ ಮಾತು: ಅವರಿಗೆ ಅಲ್ಲಿ ನೆಮ್ಮದಿ ಕೊಡು, ಅವರು ಬಿಟ್ಟುಹೋದ ಈ ಮೂಕಪ್ರಾಣಿಯನ್ನು ನನಗೆ ಉಳಿಸು, ಇಂಥ ತಂಗಿಯನ್ನು ಕೊಟ್ಟೆಯಲ್ಲ, ಅವಳನ್ನು ಚೆನ್ನಾಗಿಡು.

ಮೂರನೆಯ ಮಾತಿಗೆ ಕಾರಣವೂ ಇತ್ತು. ಕಳೆದ ವರ್ಷ ಡಾಕ್ಟರಮ್ಮನೇ, “ತೌಡು ಚೆನ್ನಾಗಿದ್ದಾನೆ, ತಾಯಿ ಗೋಧಿಯದೂ ವರ್ಷವರ್ಷ ಶುದ್ಧವಾಗಿ ಬರ್ತಿದೆ. ಈ ಸಲ ಇವನದು ಬಿಟ್ಟರೂ ನಡೆಯತ್ತೆ, ಮುಂದಿನ ವರ್ಷ ನೋಡೋಣ” ಎಂದಿದ್ದರು. ಆದರೂ ತಂಗಿ ಸೌಟು ಕೇಳಿಕೊಂಡು ಬಂದಿದ್ದಳು. “ಡಾಕ್ಟರ್ ಹೇಳ್ತಾರಮ್ಮ, ನಮ್ಮ ಮನಸ್ಸು ಕೇಳಬೇಕಲ್ಲ. ನೋಡಿಸಿಬಿಡೋಣ” ಎಂದು ಹಿಡಿದುಕೊಂಡು ಹೋಗಿದ್ದಳು. ಸಂಜೆ ಬಂದು “ಎಲ್ಲಾ ಸರಿಯಿದೆ” ಎಂದಿದ್ದಳು. ಆವತ್ತು ಟೈಲರಮ್ಮನ ಕಣ್ಣು ಒದ್ದೆಯಾಗಿತ್ತು. ಒಡಹುಟ್ಟಿದವಳು ಅಂದರೆ ಇವಳು.

ಅಲ್ಲಿಂದ ಈಚೆಗೆ ತಂಗಿಗೆ ತೌಡುವಿನ ಮೇಲೆ ಅಕ್ಕರೆ ಇನ್ನಷ್ಟು ಹೆಚ್ಚಿತ್ತು. ಬಂದಾಗಲೆಲ್ಲ ಜೇಬಿನಿಂದ ಬೆಣ್ಣೆ ಸವರಿದ ಬ್ರೆಡ್ಡಿನ ಉಂಡೆಯೊಂದನ್ನು ತೆಗೆದು ತಾನೇ ಅದರ ಬಾಯಿಗಿಟ್ಟು, ನುಂಗುವವರೆಗೂ ಗಂಟಲು ಸವರುತ್ತಿದ್ದಳು. ಒಂದು ವಾರ ಎರಡು ಸಲ ಬರುವಳು, ಆಮೇಲೆ ತಿಂಗಳಾದರೂ ಪತ್ತೆಯಿರುತ್ತಿರಲಿಲ್ಲ. ಚಳಿಗಾಲದಿಂದ ತೌಡು ಬಟ್ಟಲಲ್ಲಿ ಅರ್ಧ ಬಿಟ್ಟು ಏಳತೊಡಗಿತ್ತು. ನೀರು ಮಾತ್ರ ಕುಡಿದದ್ದೇ ಕುಡಿದದ್ದು. ಬಟ್ಟೆಯ ತೂಕ ಬೆರಳಲ್ಲೇ ಅಳೆಯುವ ಟೈಲರಮ್ಮ ಅದರ ಬೆನ್ನು ಸವರಿದರೆ ಮೂಳೆ ಮೂಳೆಯೂ ಸಿಗುತ್ತಿತ್ತು.

“ಇವನ್ಯಾಕೇ ಹೀಗಾಗ್ತಿದ್ದಾನೆ?” ಎಂದು ಕೇಳಿದರೆ ತಂಗಿ ಎತ್ತಲೋ ನೋಡಿ, “ಭಾವನ ಕೊರಗು ಅಕ್ಕಾ. ನಾಯಿಗಳು ಮರೆಯಲ್ಲ” ಎನ್ನುತ್ತಿದ್ದಳು.

ಟೈಲರಮ್ಮ ಅದನ್ನು ನಂಬಿದಳು. ನಂಬಿದ್ದಷ್ಟೇ ಅಲ್ಲ, ಅದರಲ್ಲಿ ಆಕೆಗೊಂದು ಸಮಾಧಾನವೂ ಸಿಕ್ಕಿತ್ತು. ಈ ಮನೆಯಲ್ಲಿ ಅವರಿಗಾಗಿ ಸವೆಯುವ ಜೀವ ನನ್ನದೊಂದೇ ಅಲ್ಲ ಎಂದು.

ಬಾಟಲಿಗಳು ಹೋದ ಮಾರನೆಯ ದಿನ ಡಾಕ್ಟರಮ್ಮ ಫೋನು ಮಾಡಿ ನಾಯಿಯನ್ನು ಕರೆದುಕೊಂಡು ಬರಲು ಹೇಳಿದರು.

ಚಿಕಿತ್ಸಾಲಯದ ಒಳಕೋಣೆಯಲ್ಲಿ ಉಕ್ಕಿನ ಮೇಜು, ಗೋಡೆಗೆ ತೂಗುಹಾಕಿದ ಹಗ್ಗಗಳು, ಮೂಲೆಯಲ್ಲಿ ಸೂಕ್ಷ್ಮದರ್ಶಕ. ಡಾಕ್ಟರಮ್ಮ ಮಗಳ ವಯಸ್ಸಿನವರು, ಮಾತಿನಲ್ಲಿ ಸುತ್ತುಬಳಸು ಇಲ್ಲದವರು. ತೌಡುವನ್ನು ಮೇಜಿನ ಮೇಲೆ ನಿಲ್ಲಿಸಿ ಹೊಟ್ಟೆ ಒತ್ತಿ ನೋಡಿದರು, ಹಿಂಗಾಲನ್ನು ಬೆರಳಿನಿಂದ ಅದುಮಿದರು. ಅದುಮಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು.

“ಸೋರ್ತಿದೆ ಅಮ್ಮಾ. ಶುರುವಾಗಿ ಬಹಳ ದಿನ ಆಗಿರಬೇಕು. ಜರಡಿಯ ಕಣ್ಣು ದೊಡ್ಡದಾದ ಹಾಗೆ.”

“ಬಟ್ಟೆಯ ನೇಯ್ಗೆ ಸಡಿಲ ಆದ ಹಾಗೆ,” ಎಂದಳು ಟೈಲರಮ್ಮ. ಆಕೆಯ ಧ್ವನಿ ಆಕೆಗೇ ಬೇರೆಯವರದೆನ್ನಿಸಿತು. “ಮತ್ತೆ ಬಿಗಿ ಮಾಡೋಕೆ ಬರಲ್ಲ ಅಲ್ವಾ?”

“ಬರಲ್ಲ. ಮೊದಲೇ ಹಿಡಿದಿದ್ರೆ ಅಲ್ಲಿಗೆ ನಿಲ್ಲಿಸಬಹುದಿತ್ತು. ಈಗ ನಾನು ಏನು ಕೊಟ್ಟರೂ...” ಡಾಕ್ಟರಮ್ಮ ತೌಡುವಿನ ಕಿವಿ ಸವರಿದರು. “ಇನ್ನೊಂದು ವಿಷಯ ಕೇಳಬೇಕು. ಬಾಟಲಿ ತುಂಬಿಸಿದ್ದು ಯಾರು?”

“ನನ್ನ ತಂಗಿ. ಯಾವಾಗ್ಲೂ ಅವಳೇ.”

“ಗೋಧಿಯದೂ ಅವರೇ ತಂದುಕೊಟ್ಟಿದ್ದು. ಅದೂ ಸೋರ್ತಿದೆ. ಇವನದು ಎಷ್ಟೋ ಅದೂ ಅಷ್ಟೇ. ಕೂದಲೆಳೆ ವ್ಯತ್ಯಾಸ ಇಲ್ಲ. ಎರಡು ನಾಯಿ ಒಂದೇ ಅಳತೆಗೆ ಸೋರೋದು ನಾನೆಲ್ಲೂ ನೋಡಿಲ್ಲ. ಅದಕ್ಕೇ ಗೋಧಿ ಅಂತ ಬರೆದ ಬಾಟಲಿಯದನ್ನ ಒಂದು ಹನಿ ಇಲ್ಲಿಟ್ಟು ನೋಡಿದೆ. ನೀವೂ ನೋಡಿ.”

ಟೈಲರಮ್ಮ ಕನ್ನಡಕ ತೆಗೆದು ಕಣ್ಣಿಟ್ಟಳು. ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣು. ಬೆಳಕಿನ ವೃತ್ತದಲ್ಲಿ ಸಣ್ಣ ಸಣ್ಣ ತಲೆ, ಎಳೆಯಂಥ ಬಾಲ, ಅಲ್ಲೊಂದು ಇಲ್ಲೊಂದು ಸತ್ತುಬಿದ್ದಿದ್ದವು.

“ಕಪ್ಪೆಮರಿ ಇದ್ದ ಹಾಗಿದೆ.”

“ಗಂಡಿನ ಬೀಜ ಅಮ್ಮಾ ಅವು. ಬೀಜ ಒಡೆಸದ ಗಂಡುನಾಯಿಯ ಮೂತ್ರದಲ್ಲಿ ಇರತ್ತೆ. ಗೋಧಿ ಹೆಣ್ಣು. ಅದರ ಗರ್ಭಕೋಶ ಕಳೆದ ವರ್ಷ ನಾನೇ ತೆಗೆದಿದ್ದೀನಿ.”

ಟೈಲರಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಆಕೆಗೆ ಕಂಡದ್ದು ಅಂಗಳದ ಕಟ್ಟೆ. ಒಂದು ಬಾಟಲಿ. ಅದರ ಪಕ್ಕದಲ್ಲಿ ಇನ್ನೊಂದು. ಪ್ರತಿವರ್ಷವೂ ಕಿಟಕಿಯಿಂದ ತನ್ನ ಕಣ್ಣಾರೆ ಕಂಡದ್ದು.

“ಕಳೆದ ವರ್ಷ ಅವಳು ಬಾಟಲಿ ತಂದಿದ್ಲಾ?” ಎಂದು ಕೇಳಿದಳು.

“ಗೋಧಿಯದು ಒಂದೇ ತಂದಿದ್ರು. ಅದರಲ್ಲಿ ಪ್ರೋಟೀನು ಸ್ವಲ್ಪ ಹೆಚ್ಚು ಬಂದಿತ್ತು. ಆಗಿನ್ನೂ ಶುರು. ಇನ್ನು ಮರಿ ಹಾಕಿಸಬೇಡಿ, ಗರ್ಭಕೋಶ ತೆಗೆಸಿಬಿಡಿ, ದಿನಾ ಈ ಮಾತ್ರೆ ಕೊಡಿ ಅಂದೆ. ತಾಯಿಗೆ ಬಂದಿದೆ, ಮರಿಗಳನ್ನೆಲ್ಲ ತೋರಿಸೋಕೆ ಹೇಳಿ, ಅಕ್ಕನ ಮನೆ ತೌಡುವನ್ನ ಮೊದಲು ಕಳಿಸಿ ಅಂದೆ. ಹೂಂ ಅಂದ್ರು. ಆಮೇಲೆ ಕೇಳಿದಾಗ ನೀವು ಊರಲ್ಲಿಲ್ಲ ಅಂದ್ರು.” ಡಾಕ್ಟರಮ್ಮ ಕೈಯೊರೆಸಿಕೊಂಡರು. “ನಾನೇ ನಿಮಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ.”

ಟೈಲರಮ್ಮ ಕನ್ನಡಕ ಹಾಕಿಕೊಂಡಳು. ತೌಡು ಸೋರುತ್ತಿದೆ ಎಂಬ ಸುದ್ದಿ ಒಂದು ವರ್ಷದ ಹಿಂದೆಯೇ, ಇದೇ ಕೋಣೆಗೆ, ಗೋಧಿಯ ಹೆಸರಿನಲ್ಲಿ ಬಂದಿತ್ತು. ಅದು ಯಾರ ಮೂತ್ರ ಎಂದು ಗೊತ್ತಿದ್ದವಳು ಲೋಕದಲ್ಲಿ ಒಬ್ಬಳೇ. ಅವಳು ಸಂಜೆ ಬಂದು ಎಲ್ಲಾ ಸರಿಯಿದೆ ಎಂದಿದ್ದಳು.

ಆಕೆ ಮನೆಗೆ ಹೋಗಲಿಲ್ಲ. ತೌಡುವನ್ನು ನಿಧಾನವಾಗಿ ನಡೆಸಿಕೊಂಡು, ನಿಂತಲ್ಲಿ ನಿಲ್ಲಿಸಿಕೊಂಡು, ತಂಗಿಯ ಮನೆಗೆ ಹೋದಳು.

ತಂಗಿಯ ಮುಂದಿನ ಕೋಣೆಯ ಗೋಡೆ ತುಂಬ ನಾಯಿಗಳ ಪಟಗಳು, ಕೊರಳಿಗೆ ಬಣ್ಣದ ಪಟ್ಟಿ ಕಟ್ಟಿಸಿಕೊಂಡ ಗೋಧಿ, ಗೋಧಿಯ ಮರಿಗಳನ್ನೆತ್ತಿಕೊಂಡು ನಗುವ ಜನ. ಗಂಡ ಬಿಟ್ಟುಹೋದ ಮೇಲೆ ತಂಗಿ ಊರಿನಲ್ಲಿ ತಲೆಯೆತ್ತಿ ನಡೆದದ್ದು ಈ ಗೋಡೆಯ ಬಲದಿಂದ. ಗೋಧಿ ಓಡಿ ಬಂದು ಮಗನ ಮುಖ ನೆಕ್ಕಿತು. ತಾಯಿಯ ಮೈ ದುಂಡಗೆ ಹೊಳೆಯುತ್ತಿತ್ತು. ತೌಡು ನಿಲ್ಲಲಾರದೆ ಅಲ್ಲೇ ಕುಸಿದು ಕೂತಿತು.

“ಬಾ ಅಕ್ಕಾ. ಡಾಕ್ಟರ್ ಏನಂದ್ರು?”

“ಗೋಧಿ ಗಂಡಾಗಿದ್ದಾಳಂತೆ.”

ತಂಗಿ ಕುರ್ಚಿಯನ್ನು ಎಳೆಯಲು ಹೋದವಳು ಅದರ ಬೆನ್ನು ಹಿಡಿದುಕೊಂಡು ನಿಂತಳು.

“ಎಷ್ಟು ವರ್ಷದಿಂದ?”

“ಮೊದಲಿನಿಂದ.”

“ಯಾಕೇ?”

“ಗೋಧಿಯ ತಾಯಿ ಹೊಟ್ಟೆ ಉಬ್ಬಿ ಸತ್ತಿತ್ತು, ಗೊತ್ತಲ್ಲ. ಇವಳಿಗೂ ಆ ರೋಗ ಇದ್ದುಬಿಟ್ರೆ ಅಂತ ಹೆದರಿಕೆ. ಒಂದು ಸಲ ಹೌದು ಅಂತ ಬಂದುಬಿಟ್ರೆ ಮುಗೀತು. ನನ್ನ ಮನೆ ಮರಿ ಅಂದ್ರೆ ಜನ ಕಣ್ಣುಮುಚ್ಚಿ ಎತ್ತಿಕೊಂಡು ಹೋಗ್ತಿದ್ರು ಅಕ್ಕಾ. ತೌಡು ಚಿಕ್ಕವನು, ಗಟ್ಟಿಯಾಗಿದ್ದ. ಯಾರಿಗೂ ಕೆಡುಕಾಗಲ್ಲ ಅಂದುಕೊಂಡೆ.”

“ಕಳೆದ ವರ್ಷ?”

ತಂಗಿ ಗೋಧಿಯನ್ನು ಹತ್ತಿರ ಎಳೆದುಕೊಂಡಳು.

“ಕಳೆದ ವರ್ಷ ಗೊತ್ತಾಯ್ತಲ್ಲ, ಕೆಡುಕು ಯಾರಿಗೆ ಅಂತ? ಆಗ?”

“ಹೇಳಿದ್ರೆ ಎಲ್ಲಾ ಹೇಳಬೇಕಿತ್ತು.” ತಂಗಿ ಅಳತೊಡಗಿದಳು. “ಆದ್ರೆ ನಾನು ಸುಮ್ಮನೆ ಕೂರಲಿಲ್ಲ. ದೇವರಾಣೆ. ಗೋಧಿಗೆ ಅಂತ ಕೊಟ್ಟ ಮಾತ್ರೇನ ಅವನಿಗೇ ಕೊಟ್ಟೆ. ಬ್ರೆಡ್ಡಲ್ಲಿಟ್ಟು ನನ್ನ ಕೈಯಾರೆ ನುಂಗಿಸಿದೆ. ಬಂದಾಗಲೆಲ್ಲ ಕೊಟ್ಟೆ ಅಕ್ಕಾ.”

“ಬಂದಾಗಲೆಲ್ಲ!” ಟೈಲರಮ್ಮ ನಕ್ಕಳು. ಆ ನಗು ಕೇಳಿ ಎರಡು ನಾಯಿಗಳೂ ತಲೆಯೆತ್ತಿದವು. “ದಿನಾ ಕೊಡೋ ಮಾತ್ರೆಯನ್ನ ನೆಂಟರ ಮನೆಗೆ ಬಂದ ಹಾಗೆ ಬಂದು ಕೊಟ್ಟೆ. ನನ್ನ ಕೈಗೆ ಕೊಟ್ಟಿದ್ರೆ ನಾನು ಕೊಡ್ತಿರಲಿಲ್ವೇನೇ? ಯಾವ ಮಾತ್ರೆ ಅಂತ ಕೇಳದೇ ಕೊಡ್ತಿದ್ದೆ. ಶಕ್ತಿಗೆ ಅಂತ ಒಂದು ಸುಳ್ಳು ಹೇಳೋಕೆ ನಿನಗೆ ಬರಲಿಲ್ವಾ? ಅಷ್ಟು ಸುಳ್ಳು ಹೇಳಿದವಳಿಗೆ ಇನ್ನೊಂದು ಭಾರ ಆಯ್ತಾ?”

ತಂಗಿ ಬಗ್ಗಿ ಆಕೆಯ ಕಾಲು ಹಿಡಿಯಲು ಬಂದಳು. ಟೈಲರಮ್ಮ ಹಿಂದೆ ಸರಿದಳು.

“ಭಾವನ ಕೊರಗು ಅಂದೆಯಲ್ಲೇ. ಸತ್ತವರ ಮೇಲೆ ಹಾಕಿದೆ. ಕಾಲು ಆಮೇಲೆ ಹಿಡಿ. ಈಗ ಗೋಧಿಯನ್ನ ಕಟ್ಟು, ನಡಿ. ಈ ಸಲ ಡಾಕ್ಟರಮ್ಮನೇ ಹಿಡೀಲಿ.”

ಡಾಕ್ಟರಮ್ಮ ಗೋಧಿಯ ಮೂತ್ರವನ್ನು ತಾವೇ ನಳಿಕೆಯಿಂದ ತೆಗೆದರು. ಅಕ್ಕತಂಗಿಯರು ಹೊರಗೆ ಬೆಂಚಿನ ಎರಡು ತುದಿಯಲ್ಲಿ ಕೂತರು. ಗೋಡೆಯ ಮೇಲೆ ಬೆಕ್ಕಿನ ಹಲ್ಲು ತೊಳೆಯುವ ಕ್ರಮದ ಚಿತ್ರವಿತ್ತು; ಟೈಲರಮ್ಮ ಅದನ್ನೇ ನೋಡುತ್ತಿದ್ದಳು. ಗೋಧಿಗೂ ರೋಗವಿರಲಿ ಎಂದು ಆಕೆಯ ಮನಸ್ಸು ಬಯಸುತ್ತಿತ್ತು. ಅದು ಪಾಪದ ಬಯಕೆ ಎಂದು ಆಕೆಗೆ ಗೊತ್ತಿತ್ತು. ಆದರೂ ಬಯಸಿದಳು, ಆಗ ಈ ಸುಳ್ಳಿಗೆ ಒಂದು ಕಾರಣವಾದರೂ ಇರುತ್ತದೆ.

ಬಾಗಿಲು ತೆರೆದು ಡಾಕ್ಟರಮ್ಮ ಹೊರಗೆ ಬಂದರು. ಅವರಿಗೆ ಯಾರ ಮುಖ ನೋಡಿ ಹೇಳಬೇಕೆಂದು ತಿಳಿಯಲಿಲ್ಲ.

“ಗೋಧಿಗೆ ಏನೂ ಇಲ್ಲ,” ಎಂದರು. “ಒಂದಿಷ್ಟೂ ಸೋರ್ತಿಲ್ಲ. ಈ ವಯಸ್ಸಿಗೆ ಇಷ್ಟು ಶುದ್ಧವಾಗಿ ಇರೋದು ಅಪರೂಪ.”

“ಮತ್ತೆ ಇವನಿಗೆ?” ಎಂದಳು ಟೈಲರಮ್ಮ.

“ತಂದೆ ಕಡೆಯಿಂದ ಬಂದಿರಬಹುದು. ತಾಯಿ ಒಳಗೆ ಇಟ್ಟುಕೊಂಡು ತಾನು ಚೆನ್ನಾಗಿಯೂ ಇರಬಹುದು. ಅದಕ್ಕೇ ಅಲ್ವಾ ಒಂದೊಂದನ್ನೂ ಬೇರೆ ಬೇರೆ ನೋಡೋದು.” ಅವರು ತಂಗಿಯ ಕಡೆ ತಿರುಗಿದರು. “ಉಳಿದ ಮರಿಗಳ ಮನೆಗೆಲ್ಲ ಇವತ್ತೇ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ.”

ತಂಗಿ ಬೆಂಚಿನ ಮೇಲೆ ಕೂತೇ ಇದ್ದಳು. ಒಂದೇ ಒಂದು ಸಲ, ಯಾವುದೇ ಒಂದು ಬೆಳಗ್ಗೆ, ತನ್ನ ನಾಯಿಯ ಹಿಂದೆ ತಾನೇ ಸೌಟು ಹಿಡಿದು ಹೋಗಿದ್ದರೆ ಸಾಕಿತ್ತು. ಬಚ್ಚಿಡಬೇಕಾದದ್ದು ಅವಳಲ್ಲಿ ಏನೂ ಇರಲಿಲ್ಲ. ಕೊನೆಗೆ, “ಅವಳ ಗರ್ಭಕೋಶ ಸುಮ್ಮನೆ ತೆಗೆಸಿದೆ,” ಎಂದಳು. ಟೈಲರಮ್ಮ ಆ ಮಾತು ಕೇಳಿಸಿಕೊಂಡಳು. ಆಮೇಲೆ ಅನೇಕ ದಿನ ಬೇರೆ ಯಾವ ಮಾತಿಗಿಂತಲೂ ಅದೇ ಆಕೆಯ ಕಿವಿಯಲ್ಲಿ ಉಳಿಯಿತು.

ತಂಗಿ ಮರಿಗಳ ಮನೆಗೆಲ್ಲ ಹೋಗಿ ಹೇಳಿಬಂದಳಂತೆ. ಒಂದು ಮನೆಯಲ್ಲಿ ಮುಖದ ಮೇಲೆ ಬಾಗಿಲು ಹಾಕಿದರಂತೆ. ಟೈಲರಮ್ಮನಿಗೆ ಇದನ್ನು ಹೇಳಿದ್ದು ಡಾಕ್ಟರಮ್ಮ.

ಆಮೇಲೆ ತಂಗಿ ದಿನವೂ ಬರತೊಡಗಿದಳು. ಮಾತ್ರೆಯ ಹೊತ್ತಿಗೆ ಸರಿಯಾಗಿ ಗೇಟಿನ ಸದ್ದಾಗುತ್ತಿತ್ತು. ಟೈಲರಮ್ಮ ಮಾತ್ರೆಯನ್ನು ಅವಳ ಅಂಗೈಗೆ ಹಾಕಿ ಒಳಗೆ ಹೋಗುತ್ತಿದ್ದಳು. ಬಾರದಿರು ಎನ್ನಬಹುದಿತ್ತು. ಆದರೆ ತೌಡುವಿಗೆ ಅವಳ ಕೈಯ ರೂಢಿಯಾಗಿಬಿಟ್ಟಿತ್ತು. ಬೇರೆಯವರು ಕೊಟ್ಟರೆ ಉಗುಳುತ್ತಿತ್ತು. ತನ್ನನ್ನು ಮುಗಿಸಿದ ಕೈಯಲ್ಲೇ ಅದಕ್ಕೆ ನಂಬಿಕೆ. ಅವಳ ಹೆಜ್ಜೆ ಕೇಳಿದರೆ ಮಲಗಿದಲ್ಲಿಂದಲೇ ಬಾಲ ನೆಲಕ್ಕೆ ಬಡಿಯುತ್ತಿತ್ತು. ಅದನ್ನು ಒಳಗಿನಿಂದ ಕೇಳುತ್ತ ಟೈಲರಮ್ಮ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು, ಸೂಜಿಯ ಕೆಳಗೆ ಬಟ್ಟೆಯಿಲ್ಲದಿದ್ದರೂ.

ಹೊಟ್ಟೆಯಲ್ಲಿ ನೀರು ತುಂಬಿತು. ಡಾಕ್ಟರಮ್ಮ ತೆಗೆದರು, ಮತ್ತೆ ತುಂಬಿತು. ಒಂದು ಬೆಳಗ್ಗೆ ಟೈಲರಮ್ಮ ಬಾಗಿಲು ತೆರೆದಾಗ ತೌಡು ಕಷ್ಟಪಟ್ಟು ಎದ್ದು, ಗೇಟಿನ ಕಂಬದವರೆಗೆ ಹೋಯಿತು. ಹಿಂದಿರುಗಿ ನೋಡಿತು. ಆಕೆ ಬಾಗಿಲಲ್ಲೇ ಇದ್ದಳು. ಅದು ಕಾಲೆತ್ತಲಿಲ್ಲ, ಬಂದು ಪಾದದ ಮೇಲೆ ಕೂರಲೂ ಇಲ್ಲ. ನಿಂತಲ್ಲೇ ಆಕೆಯ ಕಣ್ಣೆದುರಿಗೆ ಹರಿಯಬಿಟ್ಟಿತು. ಆಮೇಲೆ ಅಲ್ಲೇ ಪಕ್ಕಕ್ಕೆ ಒರಗಿತು. ಟೈಲರಮ್ಮ ಬಗ್ಗದ ಸೊಂಟವನ್ನು ಬಗ್ಗಿಸಿ ನೆಲದಲ್ಲಿ ಕೂತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮಾತ್ರೆಯ ಹೊತ್ತಿಗೆ ಮೊದಲೇ ಎಲ್ಲ ಮುಗಿಯಿತು.

ಯಜಮಾನರ ಹಳೆಯ ಕೋಟಿನಲ್ಲಿ ಸುತ್ತಿ ಅಂಗಳದ ಹಿಂದೆ ಮಣ್ಣು ಮಾಡಿಸಿದಳು. ತಂಗಿ ದೂರ ನಿಂತು ಅತ್ತಳು. ಯಾರೂ ಅವಳನ್ನು ಹತ್ತಿರ ಕರೆಯಲಿಲ್ಲ.

ಮರುದಿನ ಅದೇ ಹೊತ್ತಿಗೆ ಗೇಟಿನ ಸದ್ದಾಯಿತು. ತಂಗಿ ಬರಿಗೈಯಲ್ಲಿ ನಿಂತಿದ್ದಳು.

“ಕಾಲು ತಾನಾಗೇ ಬಂತು ಅಕ್ಕಾ,” ಎಂದಳು. “ನಿನ್ನನ್ನ ಒಬ್ಬಳನ್ನೇ ಹೇಗೆ ಬಿಡಲಿ? ನಾಳೆಯೂ ಬರಲಾ?”

“ಯಾಕೆ? ಇನ್ನೂ ಯಾವುದಾದರೂ ಬಾಟಲಿ ಖಾಲಿ ಉಳಿದಿದೆಯಾ?”

ಟೈಲರಮ್ಮ ಒಳಗೆ ಹೋಗಿ ಮೂಲೆಯಲ್ಲಿದ್ದ ಸೌಟನ್ನು ತಂದಳು. ಕೋಲಿಗೆ ಸುತ್ತಿದ ದಾರ ಯಜಮಾನರ ಕೈಯಿಂದ ಬಿದ್ದ ಗಂಟಿನಲ್ಲಿ ಇನ್ನೂ ಬಿಗಿಯಾಗಿತ್ತು. ಅದನ್ನು ಒಮ್ಮೆ ಬೆರಳಲ್ಲಿ ಮುಟ್ಟಿ ನೋಡಿ, ಗೇಟಿನ ಮೇಲಿನಿಂದ ತಂಗಿಗೆ ಕೊಟ್ಟಳು.

“ನಿನಗೆ ಅಂತಲೇ ಮಾಡಿದ್ದು ಅವರು. ತಗೊಂಡು ಹೋಗು. ಇನ್ನು ನಿನ್ನ ನಾಯಿಯ ಹಿಂದೆ ನೀನೇ ಹೋಗು.”

ಗೇಟಿನ ಚಿಲಕ ಹಾಕಿದಳು.

ಬೆಳಗಿನ ಪ್ರಾರ್ಥನೆ ಅಂದು ತಡವಾಗಿತ್ತು. ಕಣ್ಣು ಮುಚ್ಚಿ ಕೂತಳು. ಅವರಿಗೆ ಅಲ್ಲಿ ನೆಮ್ಮದಿ ಕೊಡು ಎಂದಳು. ಎರಡನೆಯ ಮಾತನ್ನು ಸ್ವಲ್ಪ ಬದಲಿಸಿ, ಅವನನ್ನೂ ಅವರ ಹತ್ತಿರ ಸೇರಿಸು ಎಂದಳು. ಮೂರನೆಯ ಮಾತಿಗೆ ಬಂದಾಗ ನಾಲಗೆ ನಿಂತಿತು. ಇಷ್ಟು ದಿನ ತಂಗಿಗಾಗಿ ಸಲ್ಲಿಸಿದ ಕೃತಜ್ಞತೆಯೆಲ್ಲ ನೆನಪಾಯಿತು. ದೇವರು ಎಲ್ಲ ಬಲ್ಲವನು. ಪ್ರತಿದಿನವೂ ಕೇಳಿಸಿಕೊಂಡು ಸುಮ್ಮನಿದ್ದ.

“ನಿನಗೂ ಗೊತ್ತಿತ್ತು,” ಎಂದಳು ಟೈಲರಮ್ಮ.

ಬೇರೇನೂ ಹೇಳದೆ ಎದ್ದು, ಅಂಗಳಕ್ಕೆ ಹೋಗಿ, ಗೇಟಿನ ಕಂಬದ ಬುಡಕ್ಕೆ ನೀರು ಹಾಕಿ ತೊಳೆಯತೊಡಗಿದಳು.